ನಡೆ ಮೊದಲು, ನುಡಿ ಆಮೇಲೆ: ಸೋಶಿಯಲ್ ಮೀಡಿಯಾದಲ್ಲಿ ವ್ಯಾಪಾರದ ಸಾಚಾತನ

2022ರ ಮಾರ್ಚ್ 8. ಮಹಿಳಾ ದಿನ. ಬ್ರಿಟನ್ನಿನ ಕಂಪನಿಗಳು, ಸಂಸ್ಥೆಗಳು ಪ್ರತಿ ವರ್ಷದಂತೆ ಟ್ವಿಟರ್‌ನಲ್ಲಿ ಪೋಸ್ಟ್ ಹಾಕಲು ಶುರು ಮಾಡಿದವು. ನಗುತ್ತಿರುವ ಉದ್ಯೋಗಿಗಳ ಫೋಟೋ, ಮಹಿಳೆಯರೇ ನಮ್ಮ ಶಕ್ತಿ ಎನ್ನುವ ಧಾಟಿಯ ಸಾಲುಗಳು. ಅವು ಬಿದ್ದ ಸ್ವಲ್ಪ ಹೊತ್ತಿಗೆ ಒಂದು ಖಾತೆ ಅದೇ ಪೋಸ್ಟನ್ನು ಎತ್ತಿಕೊಂಡು, ಮೇಲೆ ಒಂದೇ ಸಾಲು ಸೇರಿಸಿ ಹಂಚುತ್ತಿತ್ತು. ಈ ಸಂಸ್ಥೆಯಲ್ಲಿ ಹೆಂಗಸರ ಗಂಟೆಯ ಸಂಬಳ, ಮಧ್ಯಾಂಕದ (ಅಂದರೆ ಸಾಲಿನ ಸರಿ ನಡುವೆ ಬರುವವರ ಸಂಬಳದ) ಲೆಕ್ಕದಲ್ಲಿ, ಗಂಡಸರದಕ್ಕಿಂತ ಶೇಕಡಾ ಇಷ್ಟು ಕಡಿಮೆ. ಅಷ್ಟೇ. ಬೈಗುಳವಿಲ್ಲ, ವ್ಯಾಖ್ಯಾನವಿಲ್ಲ.

ಅದು ಇಬ್ಬರು ಸೇರಿ ಮಾಡಿದ್ದ ಒಂದು ಸಣ್ಣ ಬಾಟ್, ಅಂದರೆ ತಾನಾಗಿಯೇ ಪೋಸ್ಟ್ ಹಾಕುವ ಪ್ರೋಗ್ರಾಂ. ಬ್ರಿಟನ್ನಿನಲ್ಲಿ 250 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳು ಈ ಸಂಬಳದ ಅಂತರವನ್ನು ಪ್ರಕಟಿಸಲೇಬೇಕು ಎಂಬ ನಿಯಮ 2017ರಲ್ಲಿ ಬಂದಿತ್ತು. ಬಾಟ್ ಹೇಳುತ್ತಿದ್ದ ಅಂಕಿಗಳು ಕಂಪನಿಗಳೇ ಸರ್ಕಾರಕ್ಕೆ ಕೊಟ್ಟಿದ್ದವು. ಎಲ್ಲರಿಗೂ ಸಿಗುವಂತೆಯೇ ಇದ್ದವು. ಆದರೂ ಕೆಲವು ಸಂಸ್ಥೆಗಳು ತಮ್ಮ ಪೋಸ್ಟನ್ನೇ ಅಳಿಸಿಹಾಕಿದವು.

ಈ ಘಟನೆ ನನ್ನ ತಲೆಯಿಂದ ಹೋಗಿಲ್ಲ. ಆ ಪೋಸ್ಟ್‌ಗಳನ್ನು ಬರೆದವರು ಕೆಟ್ಟವರೇನಲ್ಲ. ಬಹುಶಃ ಮನಸಾರೆ ಬರೆದಿದ್ದರು. ಬರೆದವರಲ್ಲಿ ಎಷ್ಟೋ ಜನ ಹೆಂಗಸರೇ ಇದ್ದಿರಬಹುದು. ಸಾಲುಗಳಲ್ಲಿ ತಪ್ಪಿರಲಿಲ್ಲ. ಆ ಸಾಲಿನ ಪಕ್ಕದಲ್ಲಿ ಆ ಕಂಪನಿಯ ಸಂಬಳದ ಪಟ್ಟಿಯನ್ನು ಇಟ್ಟಾಗ ಮಾತ್ರ ಅದು ನಿಲ್ಲಲಿಲ್ಲ.

ಕನ್ನಡದಲ್ಲಿ ನಾವು ನಡೆನುಡಿ ಎನ್ನುತ್ತೇವೆ. ನುಡಿನಡೆ ಎನ್ನುವುದಿಲ್ಲ. ನಡೆ ಮೊದಲು ಬರುತ್ತದೆ. ಇಂಗ್ಲಿಷಿನ ಆಥೆಂಟಿಕ್ ಎಂಬ ಪದಕ್ಕೆ ನಮ್ಮಲ್ಲಿ ಅಸಲಿ, ಸಾಚಾ, ಪ್ರಾಮಾಣಿಕ ಎಂದೆಲ್ಲ ಪದಗಳನ್ನು ಹುಡುಕುತ್ತಾರೆ. 2023ರಲ್ಲಿ ಅಮೆರಿಕದ ಮೆರಿಯಮ್ ವೆಬ್‌ಸ್ಟರ್ ನಿಘಂಟು ಇದೇ ಪದವನ್ನು ವರ್ಷದ ಪದ ಎಂದು ಆರಿಸಿತು. ಎಐ ಬಂದ ಮೇಲೆ ಯಾವುದು ನಿಜ, ಯಾವುದು ನಕಲಿ ಎಂಬ ಗೊಂದಲ ಅಷ್ಟು ಬೆಳೆದಿತ್ತು. ಆದರೆ ವ್ಯಾಪಾರದ ಮಟ್ಟಿಗೆ ನಮಗೆ ಬೇಕಾದ ಅಳತೆಗೋಲು ನಡೆನುಡಿ ಎಂಬ ಜೋಡಿ ಪದದಲ್ಲೇ ಇದೆ ಅನಿಸುತ್ತದೆ. ಹೇಳಿದ್ದಕ್ಕೂ ಮಾಡಿದ್ದಕ್ಕೂ ನಡುವೆ ಎಷ್ಟು ದೂರವಿದೆ? ಅದನ್ನು ಅಳೆದರೆ ಸಾಕು.

ಸೋಶಿಯಲ್ ಮೀಡಿಯಾ ಕಲಿಸುವವರು ಮಾತ್ರ ಸಾಮಾನ್ಯವಾಗಿ ಇದನ್ನು ಹೇಳುವುದಿಲ್ಲ. ಅವರು ಹೇಳುವುದು ಧಾಟಿಯ ಬಗ್ಗೆ. ಸಲುಗೆಯಿಂದ ಮಾತಾಡಿ. ಫೋಟೋ ಜಾಸ್ತಿ ತಿದ್ದಬೇಡಿ. ತೆರೆಮರೆಯ ಕೆಲಸ ತೋರಿಸಿ. ನೀವು ನೀವಾಗಿರಿ. ಕೊನೆಯ ಮಾತನ್ನೇ ತೆಗೆದುಕೊಳ್ಳಿ. ಒಬ್ಬ ಮನುಷ್ಯನಿಗೆ ಅದು ಸರಿ. ನಾನೂರು ಜನರ ಕಂಪನಿಗೆ 'ನೀನು ನೀನಾಗಿರು' ಎಂದರೆ ಏನರ್ಥ? ಅದಕ್ಕೆ ಮನಸ್ಸಿಲ್ಲ, ಬಾಲ್ಯದ ನೆನಪಿಲ್ಲ. ಅದಕ್ಕಿರುವುದು ಕೊಟ್ಟ ಮಾತು, ಕಳಿಸಿದ ಸರಕು, ಹಾಕಿದ ಬಿಲ್ಲು, ಎತ್ತಿದ ಅಥವಾ ಎತ್ತದ ಫೋನು. ಹಾಗಾಗಿ ಕಂಪನಿಯ ನಿಜತನ ಅದರ ದನಿಯಲ್ಲಿ ಸಿಗುವುದಿಲ್ಲ. ಈ ಕೆಲಸಗಳಲ್ಲೇ ಹುಡುಕಬೇಕು.

ಕೈಯಿಂದ ಏನಾದರೂ ಹೋಗಬೇಕು

ಮಾರುವವರಿಗೆ ಸರಕಿನ ಬಗ್ಗೆ ಗೊತ್ತಿರುವಷ್ಟು ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಇದು ಹಳೆಯ ಸಮಸ್ಯೆ. ಇದನ್ನು ಅರ್ಥಶಾಸ್ತ್ರದ ಒಳಗೆ ತಂದು ವಿವರಿಸಿದ್ದಕ್ಕೆ ಜಾರ್ಜ್ ಅಕರ್ಲಾಫ್, ಮೈಕೆಲ್ ಸ್ಪೆನ್ಸ್, ಜೋಸೆಫ್ ಸ್ಟಿಗ್ಲಿಟ್ಜ್ ಅವರಿಗೆ 2001ರಲ್ಲಿ ನೊಬೆಲ್ ಬಂತು. ಸ್ಪೆನ್ಸ್ 1973ರಲ್ಲೇ ಹೇಳಿದ ಒಂದು ಮಾತು ಇವತ್ತಿನ ಇನ್‌ಸ್ಟಾಗ್ರಾಂ ಪೇಜಿಗೂ ಹೊಂದುತ್ತದೆ. ಅದನ್ನು ಸರಳವಾಗಿ ಹೀಗೆ ಹೇಳಬಹುದು. ಒಂದು ಸಂಕೇತವನ್ನು ಜನ ನಂಬಬೇಕಾದರೆ ಅದನ್ನು ಕೊಡುವುದು ಕಳ್ಳನಿಗೆ ದುಬಾರಿಯಾಗಿರಬೇಕು. ಒಳ್ಳೆಯವನೂ ಕಳ್ಳನೂ ಅಷ್ಟೇ ಸುಲಭವಾಗಿ ಹೇಳಬಹುದಾದ ಮಾತಿಗೆ ಬೆಲೆಯಿಲ್ಲ.

'ಗ್ರಾಹಕರೇ ನಮಗೆ ದೇವರು' ಎಂದು ಬರೆಯಲು ಎಷ್ಟು ಖರ್ಚಾಗುತ್ತದೆ? ಏನೂ ಇಲ್ಲ. ಮೋಸ ಮಾಡುವವರೂ ಬರೆಯಬಹುದು. ಅದಕ್ಕೇ ಅದನ್ನು ಓದಿ ಯಾರ ಮನಸ್ಸಿನಲ್ಲೂ ಏನೂ ಬದಲಾಗುವುದಿಲ್ಲ. 'ಈ ಮಾಡೆಲ್ ನಿಮ್ಮ ಕೆಲಸಕ್ಕೆ ಆಗುವುದಿಲ್ಲ, ನಮ್ಮಲ್ಲಿ ಅದಕ್ಕೆ ತಕ್ಕದ್ದು ಇಲ್ಲ, ಬೇರೆ ಕಡೆ ನೋಡಿ' ಎಂದು ಬರೆದರೆ ಒಂದು ಮಾರಾಟ ಕೈ ತಪ್ಪುತ್ತದೆ. ಓದುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಗಿಟ್‌ಲ್ಯಾಬ್. ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಟ್ಟುಕೊಳ್ಳುವ ಸೇವೆ ಅದು. 2017ರ ಜನವರಿ 31ರ ರಾತ್ರಿ, ಸರ್ವರ್ ತೊಂದರೆ ಸರಿಪಡಿಸಲು ಹೊತ್ತು ಮೀರಿ ಕೂತಿದ್ದ ಒಬ್ಬ ಎಂಜಿನಿಯರ್ ತಪ್ಪು ಸರ್ವರ್‌ನಲ್ಲಿ ಡೇಟಾ ಅಳಿಸುವ ಕಮಾಂಡ್ ಕೊಟ್ಟರು. ಗೊತ್ತಾಗಿ ನಿಲ್ಲಿಸುವ ಹೊತ್ತಿಗೆ ಸುಮಾರು 300 ಜಿಬಿಯಲ್ಲಿ 4.5 ಜಿಬಿ ಮಾತ್ರ ಉಳಿದಿತ್ತು. ಬ್ಯಾಕಪ್ ಇತ್ತಲ್ವಾ ಎಂದರೆ, ಐದು ಬಗೆಯ ವ್ಯವಸ್ಥೆ ಮಾಡಿಟ್ಟಿದ್ದರು. ಐದರಲ್ಲಿ ಒಂದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲ. ಅದೃಷ್ಟಕ್ಕೆ, ಸುಮಾರು ಆರು ಗಂಟೆ ಮೊದಲು ಅದೇ ಎಂಜಿನಿಯರ್ ಬೇರೆ ಕೆಲಸಕ್ಕೆಂದು ತೆಗೆದಿಟ್ಟ ಒಂದು ಪ್ರತಿ ಇತ್ತು. ಅದರಿಂದ ಉಳಿದಿದ್ದನ್ನು ಮರಳಿ ತಂದರು. ನಡುವಿನ ಆರು ಗಂಟೆಗಳ ಡೇಟಾ ಹೋಯಿತು.

ಬೇರೆ ಕಂಪನಿಯಾಗಿದ್ದರೆ 'ತಾಂತ್ರಿಕ ಕಾರಣಗಳಿಂದ ಸೇವೆಯಲ್ಲಿ ವ್ಯತ್ಯಯ' ಎಂದು ಬರೆದು ಬಾಗಿಲು ಹಾಕಿಕೊಳ್ಳುತ್ತಿತ್ತು. ಗಿಟ್‌ಲ್ಯಾಬ್ ತನ್ನ ಒಳಗಿನ ಟಿಪ್ಪಣಿಯ ಕಡತವನ್ನೇ ಎಲ್ಲರಿಗೂ ತೆರೆದಿಟ್ಟಿತು. ರಿಪೇರಿ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಮಾಡಿತು. ಐದು ಬ್ಯಾಕಪ್‌ಗಳಲ್ಲಿ ಒಂದೂ ನಡೆಯುತ್ತಿಲ್ಲ ಎಂಬ ನಾಚಿಕೆಯ ಸಂಗತಿಯನ್ನು ತಾನೇ ಬರೆಯಿತು. ಆ ಎಂಜಿನಿಯರನ್ನು ಬಲಿ ಕೊಡಲಿಲ್ಲ. ಆಮೇಲೆ ಹಾಕಿದ ವಿವರವಾದ ವರದಿಯಲ್ಲಿ, ತಪ್ಪು ವ್ಯವಸ್ಥೆಯಲ್ಲಿ ಎಲ್ಲಿತ್ತು ಎಂದು ಒಂದೊಂದೇ ಬಿಡಿಸಿ ಹೇಳಿತು. ಪ್ರತಿಸ್ಪರ್ಧಿಗಳು ಓದುತ್ತಾರೆ, ಮುಂದೆ ಗ್ರಾಹಕರಾಗಬಹುದಾದವರು ಓದುತ್ತಾರೆ ಎಂದು ಗೊತ್ತಿದ್ದೂ ಹೇಳಿತು. ಸುಮ್ನೆ ಸಲುಗೆಯ ಧಾಟಿ ಹಿಡಿದಿದ್ದರೆ ಈ ನಂಬಿಕೆ ಹುಟ್ಟುತ್ತಿರಲಿಲ್ಲ.

ಡಾಮಿನೋಸ್ ಕಥೆಯೂ ಈ ಜಾತಿಯದ್ದೇ. 2009ರ ಕೊನೆಯಲ್ಲಿ ಅಮೆರಿಕದಲ್ಲಿ ಅದು ಜನರ ಬೈಗುಳಗಳನ್ನೇ ಜಾಹೀರಾತು ಮಾಡಿತು. ನಿಮ್ಮ ಪಿಜ್ಜಾದ ತಳ ರಟ್ಟಿನ ಹಾಗಿದೆ, ಸಾಸ್ ಕೆಚಪ್ ಇದ್ದ ಹಾಗಿದೆ ಎಂದು ಗ್ರಾಹಕರು ಹೇಳಿದ್ದನ್ನು ಕ್ಯಾಮೆರಾ ಮುಂದೆ ಒಪ್ಪಿಕೊಂಡಿತು. ಒಪ್ಪಿಗೆಗಿಂತ ಮುಂಚೆಯೇ ಅಡುಗೆಮನೆಯಲ್ಲಿ ಪಾಕವಿಧಾನ ಪೂರ್ತಿ ಬದಲಾಗಿತ್ತು ಎನ್ನುವುದನ್ನು ಬಹಳ ಜನ ಮರೆಯುತ್ತಾರೆ. ತಪ್ಪೊಪ್ಪಿಗೆ ಮಾತ್ರ ಇದ್ದು ಪಿಜ್ಜಾ ಹಾಗೇ ಉಳಿದಿದ್ದರೆ ಆ ಜಾಹೀರಾತೇ ಕಂಪನಿಯನ್ನು ಮುಳುಗಿಸುತ್ತಿತ್ತು.

ಈಗ ಇದನ್ನು ತಪ್ಪಾಗಿ ಕಲಿತವರು ಜಾಸ್ತಿ. ದೌರ್ಬಲ್ಯ ತೋರಿಸಿದರೆ ಜನ ಇಷ್ಟಪಡುತ್ತಾರೆ ಎಂದು ಯಾರೋ ಹೇಳಿದ್ದಾರೆ. ಅಳುವ ಸೆಲ್ಫಿ, 'ನನ್ನ ದೊಡ್ಡ ಸೋಲು' ಎಂಬ ಶೀರ್ಷಿಕೆ, ಕೊನೆಯಲ್ಲಿ ಕೋರ್ಸಿನ ಲಿಂಕ್. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ 1966ರಲ್ಲಿ ಸಹೋದ್ಯೋಗಿಗಳ ಜೊತೆ ಮಾಡಿದ ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಒಂದು ಕ್ವಿಜ್‌ನ ಧ್ವನಿಮುದ್ರಣವನ್ನು ಜನರಿಗೆ ಕೇಳಿಸಿದರು. ಅದರಲ್ಲಿ ಒಬ್ಬ ಶೇಕಡಾ 92ರಷ್ಟು ಸರಿಯುತ್ತರ ಕೊಡುತ್ತಾನೆ. ಇನ್ನೊಬ್ಬ ಶೇಕಡಾ 30ರಷ್ಟು. ಕೊನೆಯಲ್ಲಿ ಮೈಮೇಲೆ ಕಾಫಿ ಚೆಲ್ಲಿಕೊಂಡ ಸದ್ದು ಕೇಳಿದಾಗ ಬುದ್ಧಿವಂತನನ್ನು ಕೇಳುಗರು ಇನ್ನೂ ಜಾಸ್ತಿ ಮೆಚ್ಚಿದರು. ಸಾಧಾರಣದವನನ್ನು ಇನ್ನೂ ಕಡಿಮೆ ಮೆಚ್ಚಿದರು. ಅದೇ ಕಾಫಿ, ಅದೇ ಎಡವಟ್ಟು. ಮೂಲ ಕೆಲಸ ಗಟ್ಟಿಯಾಗಿದ್ದರೆ ಮಾತ್ರ ಕೊರತೆ ತೋರಿಸುವುದು ಹತ್ತಿರ ತರುತ್ತದೆ. ಸಮಯಕ್ಕೆ ಸರಕು ಕಳಿಸದವರು 'ನಾವೂ ಮನುಷ್ಯರೇ' ಎಂದರೆ ಜನರ ತಾಳ್ಮೆ ಇನ್ನೂ ಕೆಡುತ್ತದೆ, ಅಲ್ವಾ?

'ಆಗಿದೆ' ಮತ್ತು 'ಮಾಡಿದ್ದೇವೆ'

ಒಂದು ವ್ಯಾಪಾರದ ನಿಜ ಗುಣ ನೋಡಬೇಕಾದರೆ ಅದರ ಹಬ್ಬದ ಶುಭಾಶಯ ನೋಡಬೇಡಿ. ದೂರಿಗೆ ಕೊಟ್ಟ ಉತ್ತರ ನೋಡಿ.

'ನಿಮಗೆ ಆಗಿರುವ ಅನಾನುಕೂಲಕ್ಕೆ ವಿಷಾದಿಸುತ್ತೇವೆ.' ಈ ಸಾಲನ್ನು ಎಷ್ಟು ಸಲ ಓದಿದ್ದೇವೋ ಲೆಕ್ಕವಿಲ್ಲ. ಇಲ್ಲಿ ಅನಾನುಕೂಲ ತಾನಾಗಿಯೇ ಆಗಿದೆ. ಮಾಡಿದವರು ಯಾರೂ ಇಲ್ಲ. ಇದಕ್ಕಿಂತ ಒಂದು ಹೆಜ್ಜೆ ಮುಂದಿನದು, 'ಯಾರಿಗಾದರೂ ನೋವಾಗಿದ್ದಲ್ಲಿ ಕ್ಷಮೆಯಿರಲಿ.' ಇಲ್ಲಿ ನೋವಾಗಿದೆಯೋ ಇಲ್ಲವೋ ಎಂಬುದೂ ಖಚಿತವಿಲ್ಲ. ನಮ್ಮ ಭಾಷೆಯ 'ಆಗು' ಎಂಬ ಕ್ರಿಯಾಪದದ ಹಿಂದೆ ಯಾರು ಬೇಕಾದರೂ ಬಚ್ಚಿಟ್ಟುಕೊಳ್ಳಬಹುದು. ತಡ ಆಗುತ್ತದೆ, ತಪ್ಪು ಆಗುತ್ತದೆ, ಬೆಲೆ ಏರಿಕೆ ಆಗುತ್ತದೆ. 'ತಪ್ಪಾಗಿದೆ' ಎನ್ನುವ ಕಡೆ 'ತಪ್ಪು ಮಾಡಿದ್ದೇವೆ' ಎಂದು ಬರೆದು ನೋಡಿ. ಕೈ ಸ್ವಲ್ಪ ತಡೆಯುತ್ತದೆ. ಆ ತಡೆಯೇ ಮಾತಿಗೆ ತೂಕ ತರುತ್ತದೆ.

2017ರ ಏಪ್ರಿಲ್‌ನಲ್ಲಿ ಷಿಕಾಗೋದಲ್ಲಿ ಯುನೈಟೆಡ್ ಏರ್‌ಲೈನ್ಸ್ ವಿಮಾನದಿಂದ ಟಿಕೆಟ್ ಇದ್ದ ಪ್ರಯಾಣಿಕರೊಬ್ಬರನ್ನು ಭದ್ರತಾ ಸಿಬ್ಬಂದಿ ಎಳೆದು ಹೊರಹಾಕಿದರು. ಅವರ ಬಾಯಲ್ಲಿ ರಕ್ತ ಬರುತ್ತಿತ್ತು. ಸಹಪ್ರಯಾಣಿಕರು ತೆಗೆದ ವಿಡಿಯೋ ಜಗತ್ತೆಲ್ಲ ಓಡಾಡಿತು. ಕಂಪನಿಯ ಸಿಇಒ ಆಸ್ಕರ್ ಮುನೋಜ್ ಮೊದಲು ಕೊಟ್ಟ ಹೇಳಿಕೆಯಲ್ಲಿ, ಈ ಪ್ರಯಾಣಿಕರಿಗೆ 'ಬೇರೆ ವ್ಯವಸ್ಥೆ ಮಾಡಬೇಕಾಗಿ ಬಂದಿದ್ದಕ್ಕೆ' ಕ್ಷಮೆ ಎಂಬ ಅರ್ಥದ ಮಾತಿತ್ತು. ಜನ ಕಣ್ಣಾರೆ ನೋಡಿದ್ದು ಒಂದು, ಕಂಪನಿ ಅದಕ್ಕಿಟ್ಟ ಹೆಸರು ಇನ್ನೊಂದು. ಮರುದಿನ ಮುನೋಜ್ ಸರಿಯಾದ ಕ್ಷಮೆ ಕೇಳಿದರು. ಯಾರನ್ನೂ ಹೀಗೆ ನಡೆಸಿಕೊಳ್ಳಬಾರದು ಎಂದರು. ಅಷ್ಟರಲ್ಲಿ ಮೊದಲ ಹೇಳಿಕೆಯನ್ನು ಎಲ್ಲರೂ ಓದಿಯಾಗಿತ್ತು. ಎರಡನೆಯದನ್ನು ಒತ್ತಡಕ್ಕೆ ಬಂದದ್ದು ಎಂದೇ ಬಹಳ ಜನ ಓದಿದರು.

ನನ್ನದೇ ಒಂದು ಸಣ್ಣ ಅನುಭವ. ಒಮ್ಮೆ ಆನ್‌ಲೈನ್‌ನಲ್ಲಿ ತರಿಸಿದ ಬ್ಯಾಗಿನ ಜಿಪ್ ಎರಡೇ ವಾರಕ್ಕೆ ಕಿತ್ತುಬಂತು. ಕಂಪನಿಯ ಪೇಜಿಗೆ ಫೋಟೋ ಸಮೇತ ಬರೆದೆ. ಹೃದಯದ ಇಮೋಜಿ ಹಾಕಿ, ನನ್ನ ಹೆಸರು ಹಿಡಿದು, ತುಂಬ ಪ್ರೀತಿಯಿಂದ ಉತ್ತರ ಬಂತು. ನಿಮ್ಮ ಅನಿಸಿಕೆ ನಮಗೆ ಅಮೂಲ್ಯ, ನಮ್ಮ ತಂಡ ಸಂಪರ್ಕಿಸುತ್ತದೆ. ಯಾರೂ ಸಂಪರ್ಕಿಸಲಿಲ್ಲ. ಇನ್ನೊಮ್ಮೆ ಬರೆದೆ. ಅಕ್ಷರವೂ ಬದಲಾಗದೆ ಅದೇ ಉತ್ತರ, ಅದೇ ಹೃದಯ. ಜಿಪ್ ಹೋಗಿದ್ದಕ್ಕಿಂತ ಆ ಹೃದಯ ನನಗೆ ಜಾಸ್ತಿ ನೋವು ಕೊಟ್ಟಿತು. ಕೆಲವು ತಿಂಗಳ ನಂತರ ಬೇರೊಬ್ಬ ಸಣ್ಣ ತಯಾರಕರಿಂದ ತಂದ ಇನ್ನೊಂದು ವಸ್ತುವಿನಲ್ಲೂ ದೋಷವಿತ್ತು. ಅವರ ಉತ್ತರದಲ್ಲಿ ಸಿಹಿ ಮಾತು ಒಂದೂ ಇರಲಿಲ್ಲ. 'ಆ ಬ್ಯಾಚಿನಲ್ಲಿ ನಾವು ತೆಳು ದಾರ ಹಾಕಿದ್ದೆವು. ನಮ್ಮದೇ ತಪ್ಪು. ನಾಳೆ ಬೇರೆಯದು ಕಳಿಸುತ್ತೇವೆ. ಹಳೆಯದು ವಾಪಸ್ ಬೇಡ.' ಕಳಿಸಿದರು. ಇವತ್ತಿಗೂ ಅವರ ಹೆಸರನ್ನು ನಾನು ನಾಲ್ಕು ಜನಕ್ಕೆ ಹೇಳುತ್ತೇನೆ.

ಸ್ಟಾರ್‌ಗಳ ಲೆಕ್ಕ

ರಿವ್ಯೂ ವಿಷಯದಲ್ಲಿ ಮೋಸ ಯಾಕೆ ಇಷ್ಟು ಹರಡಿದೆ ಎಂದರೆ ಅದರಲ್ಲಿ ನಿಜಕ್ಕೂ ದುಡ್ಡಿದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಲೂಕಾ 2011ರಲ್ಲಿ ಯೆಲ್ಪ್ ತಾಣದ ರೇಟಿಂಗ್‌ಗಳನ್ನು ಹೋಟೆಲುಗಳ ಆದಾಯದ ಪಕ್ಕ ಇಟ್ಟು ನೋಡಿದರು. ಒಂದು ಸ್ಟಾರ್ ಏರಿದರೆ ಆದಾಯ ಶೇಕಡಾ 5ರಿಂದ 9ರಷ್ಟು ಏರುತ್ತಿತ್ತು. ದೊಡ್ಡ ಸರಪಳಿ ಹೋಟೆಲುಗಳಿಗೆ ಈ ಪರಿಣಾಮ ಇರಲಿಲ್ಲ, ಒಂಟಿಯಾಗಿ ನಡೆಯುವ ಹೋಟೆಲುಗಳಿಗಿತ್ತು. ಹೆಸರು ಗೊತ್ತಿಲ್ಲದ ಸಣ್ಣವರನ್ನು ಜನ ರಿವ್ಯೂ ನೋಡಿಯೇ ಆರಿಸುತ್ತಾರೆ. ಅದಕ್ಕೇ ಸಣ್ಣವರಿಗೇ ಆಸೆ ಜಾಸ್ತಿ.

ದೊಡ್ಡವರೂ ಹಿಂದೆ ಬಿದ್ದಿಲ್ಲ. ಅಮೆರಿಕದ ಚರ್ಮದ ಕ್ರೀಮುಗಳ ಕಂಪನಿ ಸಂಡೇ ರೈಲಿ ತನ್ನ ಉದ್ಯೋಗಿಗಳಿಂದಲೇ ಸುಳ್ಳು ಹೆಸರಿನ ರಿವ್ಯೂ ಬರೆಸಿತ್ತು. ಸಿಕ್ಕಿಬೀಳದಂತೆ ಎಲ್ಲಿಂದ ಲಾಗಿನ್ ಆಗಿದ್ದೀರಿ ಎಂಬುದನ್ನು ಮುಚ್ಚಿಡುವುದು ಹೇಗೆ ಎಂದೂ ಹೇಳಿಕೊಟ್ಟಿತ್ತು. ವ್ಯಾಪಾರದ ಮೋಸಗಳ ಮೇಲೆ ಕಣ್ಣಿಡುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲಿ ಇದನ್ನು ಬಯಲು ಮಾಡಿತು. ಆ ಸಲ ದಂಡ ಇರಲಿಲ್ಲ. 2022ರ ಜನವರಿಯಲ್ಲಿ ಬಟ್ಟೆ ಕಂಪನಿ ಫ್ಯಾಷನ್ ನೋವಾ 42 ಲಕ್ಷ ಡಾಲರ್ ಕಟ್ಟಬೇಕಾಯಿತು. ಅದು ಸುಳ್ಳು ರಿವ್ಯೂ ಬರೆಸಿರಲಿಲ್ಲ. ನಾಲ್ಕಕ್ಕಿಂತ ಕಡಿಮೆ ಸ್ಟಾರ್ ಇದ್ದ ನಿಜವಾದ ರಿವ್ಯೂಗಳನ್ನು ವರ್ಷಗಟ್ಟಲೆ ತನ್ನ ತಾಣದಲ್ಲಿ ಪ್ರಕಟಿಸದೆ ತಡೆದಿಟ್ಟಿತ್ತು. ಮುಚ್ಚಿಡುವುದೂ ಸುಳ್ಳೇ ಎಂದು ಕಮಿಷನ್ ವಾದಿಸಿತು. ನನಗೆ ಇದು ಮುಖ್ಯವಾದ ತಿರುವು ಅನಿಸುತ್ತದೆ. 2024ರ ಅಕ್ಟೋಬರ್ 21ರಿಂದ ಅಮೆರಿಕದಲ್ಲಿ ಸುಳ್ಳು ರಿವ್ಯೂ ಕೊಳ್ಳುವುದು, ಮಾರುವುದು, ನಕಲಿ ಫಾಲೋವರ್‌ಗಳನ್ನು ಖರೀದಿಸಿ ದೊಡ್ಡವರೆಂದು ತೋರಿಸಿಕೊಳ್ಳುವುದು ನಿಯಮದ ಪ್ರಕಾರವೇ ತಪ್ಪು. ಜಾರಿಗೆ ಬಂದಾಗ ಒಂದೊಂದು ಉಲ್ಲಂಘನೆಗೆ 51,744 ಡಾಲರ್ ತನಕ ದಂಡ ಹಾಕಬಹುದಿತ್ತು. ಬ್ರಿಟನ್ನಿನಲ್ಲೂ 2025ರ ಏಪ್ರಿಲ್‌ನಿಂದ ಇಂಥದ್ದೇ ನಿಷೇಧವಿದೆ.

ಕಾನೂನಿನ ಭಯ ಬಿಡಿ. ಎಲ್ಲ ಐದು ಸ್ಟಾರ್ ಇರುವ ಪೇಜನ್ನು ನೋಡಿದಾಗ ನಿಮಗೆ ಏನನಿಸುತ್ತದೆ? ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸ್ಪೀಗಲ್ ಸಂಶೋಧನಾ ಕೇಂದ್ರ ನೋಡಿದಂತೆ, ಕೊಳ್ಳುವ ಸಾಧ್ಯತೆ ಅತಿ ಹೆಚ್ಚಿರುವುದು 4.0ರಿಂದ 4.7ರ ನಡುವೆ. ಐದರ ಹತ್ತಿರ ಹೋದಂತೆ ಅದು ಇಳಿಯುತ್ತದೆ. ಜನ ದಡ್ಡರಲ್ಲ. ಹಾಗಾಗಿ ಎರಡೇ ಸ್ಟಾರ್ ಕೊಟ್ಟ ರಿವ್ಯೂ ಬಂದಾಗ ಎದೆ ಒಡೆದುಕೊಳ್ಳಬೇಡಿ. ಅದರ ಕೆಳಗೆ, ಏನಾಯಿತು, ಏನು ಸರಿಪಡಿಸಿದಿರಿ ಎಂದು ಮೂರು ಸಾಲು ಬರೆಯಿರಿ. ಆ ಮೂರು ಸಾಲನ್ನು ಮುಂದೆ ಬರುವ ನೂರು ಜನ ಓದುತ್ತಾರೆ.

ಇನ್‌ಫ್ಲುಯೆನ್ಸರ್‌ಗಳ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ದುಡ್ಡು ಕೊಟ್ಟಿದ್ದರೆ ದುಡ್ಡು ಕೊಟ್ಟಿದ್ದೇವೆ ಎಂದು ಕಾಣುವಂತೆ ಹೇಳಬೇಕು, ಅಷ್ಟೇ. ಅಮೆರಿಕ, ಬ್ರಿಟನ್, ಭಾರತ ಎಲ್ಲ ಕಡೆ ಇದು ನಿಯಮವೂ ಹೌದು. ಒಂದು ಕ್ರಿಪ್ಟೋ ನಾಣ್ಯದ ಪೋಸ್ಟಿಗೆ ತಾನು ಎರಡೂವರೆ ಲಕ್ಷ ಡಾಲರ್ ಪಡೆದದ್ದನ್ನು ಹೇಳದ ಅಮೆರಿಕದ ಟಿವಿ ತಾರೆ ಕಿಮ್ ಕಾರ್ಡಾಶಿಯನ್ 2022ರಲ್ಲಿ 12.6 ಲಕ್ಷ ಡಾಲರ್ ಕಟ್ಟಿ ರಾಜಿಯಾದರು. ಹ್ಯಾಶ್‌ಟ್ಯಾಗ್‌ಗಳ ರಾಶಿಯ ಕೊನೆಯಲ್ಲಿ ಬಚ್ಚಿಟ್ಟ ಒಂದು ಪದ, ಹೇಳಿದಂತಲ್ಲ.

ಚಿತ್ರ ಒಂದು, ಗೋಡೌನು ಇನ್ನೊಂದು

2024ರ ಫೆಬ್ರವರಿಯಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಮಕ್ಕಳಿಗಾಗಿ ಒಂದು ಚಾಕೊಲೇಟ್ ಲೋಕದ ಪ್ರದರ್ಶನ ಏರ್ಪಾಡಾಗಿತ್ತು. ಆನ್‌ಲೈನ್ ಜಾಹೀರಾತಿನಲ್ಲಿ ಬಣ್ಣಬಣ್ಣದ ಮಿಠಾಯಿ ತೋಟ, ಹೊಳೆಯುವ ದಾರಿಗಳು. ಎಲ್ಲ ಎಐ ಮಾಡಿಕೊಟ್ಟ ಚಿತ್ರಗಳು. ಟಿಕೆಟ್ 35 ಪೌಂಡಿನ ತನಕ. ಮಕ್ಕಳು ಬಂದು ನೋಡಿದ್ದು ಹೆಚ್ಚೂಕಡಿಮೆ ಖಾಲಿ ಗೋಡೌನು. ಅಲ್ಲಲ್ಲಿ ನಾಲ್ಕು ಸಾಮಾನು, ಗೋಡೆಗೆ ತೂಗುಹಾಕಿದ ಬಟ್ಟೆ. ಮಕ್ಕಳು ಅತ್ತರು, ಪೋಷಕರು ದುಡ್ಡು ವಾಪಸ್ ಕೇಳಿದರು, ಪೊಲೀಸರು ಬಂದರು, ಪ್ರದರ್ಶನ ಅಂದೇ ನಿಂತಿತು. ಅಲ್ಲಿ ನಟಿಸಲು ಬಂದಿದ್ದ ಕಲಾವಿದರ ಕೈಗೂ ಕೊನೆ ಗಳಿಗೆಯಲ್ಲಿ ಎಐ ಬರೆದ ಸ್ಕ್ರಿಪ್ಟ್ ಕೊಟ್ಟಿದ್ದರು.

ಎಐ ಬಳಸಬಾರದು ಎಂದು ನಾನು ಹೇಳುತ್ತಿಲ್ಲ. ಕಾಗುಣಿತ ತಿದ್ದಿಸಿಕೊಳ್ಳಿ. ಗೊತ್ತಿಲ್ಲದ ಭಾಷೆಯ ಗ್ರಾಹಕರಿಗೆ ಉತ್ತರ ಬರೆಸಿಕೊಳ್ಳಿ. ನಾನು ಗೆರೆ ಎಳೆಯುವುದು ಒಂದೇ ಕಡೆ. ಗ್ರಾಹಕರು ಯಾವುದನ್ನು ನೋಡಿ ದುಡ್ಡು ಕೊಡುತ್ತಾರೋ ಅದು ನಿಜವಾಗಿ ಇರುವುದೇ ಆಗಿರಬೇಕು. ಮಾರುವ ವಸ್ತುವಿನ ಫೋಟೋ, ಕೆಲಸ ಮಾಡುವವರ ಮುಖ, ಮೆಚ್ಚಿದ ಗ್ರಾಹಕರ ಮಾತು. ಈ ಮೂರನ್ನು ಹುಟ್ಟಿಸಿದರೆ ಅದು ಅಲಂಕಾರವಲ್ಲ, ಸುಳ್ಳು. ಮಬ್ಬು ಬೆಳಕಿನಲ್ಲಿ ಮೊಬೈಲಿನಲ್ಲಿ ತೆಗೆದ ನಿಜವಾದ ಫೋಟೋ ನೋಡಿದವರಿಗೆ, ಪಾರ್ಸೆಲ್ ಬಿಚ್ಚಿದಾಗ ಅದೇ ವಸ್ತು ಸಿಗುತ್ತದೆ. ಅದು ಸಣ್ಣ ವಿಷಯವಲ್ಲ.

ತಮಾಷೆ ಮಾಡುವ ಬ್ರ್ಯಾಂಡುಗಳ ಬಗ್ಗೆಯೂ ಜನ ಕೇಳುತ್ತಾರೆ. ತಮಾಷೆ ತಪ್ಪಲ್ಲ. ಆದರೆ ಆಡುವವರು ಯಾರು ಎಂಬುದನ್ನು ಜನ ಮರೆಯುವುದಿಲ್ಲ. 2021ರ ಮಾರ್ಚ್ ಕೊನೆಯಲ್ಲಿ ಫೋಕ್ಸ್‌ವ್ಯಾಗನ್‌ನ ಅಮೆರಿಕ ವಿಭಾಗ ತನ್ನ ಹೆಸರನ್ನು 'ವೋಲ್ಟ್ಸ್‌ವ್ಯಾಗನ್' ಎಂದು ಬದಲಿಸುವುದಾಗಿ ಪ್ರಕಟಿಸಿತು. ಪತ್ರಕರ್ತರು ನಿಜವೇ ಎಂದು ಕೇಳಿದಾಗಲೂ ಹೌದು ಎಂದಿತು. ಅದು ಏಪ್ರಿಲ್ ಒಂದರ ತಮಾಷೆ. ಬೇರೆ ಕಂಪನಿ ಮಾಡಿದ್ದರೆ ಜನ ನಕ್ಕು ಬಿಡುತ್ತಿದ್ದರೇನೋ. ಆದರೆ ಹೊಗೆ ಪರೀಕ್ಷೆಗೆ ಮೋಸ ಮಾಡುವ ಸಾಫ್ಟ್‌ವೇರನ್ನು ಕಾರುಗಳಲ್ಲಿ ಅಡಗಿಸಿಟ್ಟು 2015ರಲ್ಲಿ ಸಿಕ್ಕಿಬಿದ್ದ ಕಂಪನಿ ಅದು. ಅದರ ಬಾಯಲ್ಲಿ ಇನ್ನೊಂದು ಸುಳ್ಳು, ತಮಾಷೆಗಾದರೂ, ಯಾರಿಗೂ ರುಚಿಸಲಿಲ್ಲ.

ಎಲ್ಲದಕ್ಕೂ ಮಾತಾಡಬೇಕಾ?

ಸಮಾಜದ ದೊಡ್ಡ ಪ್ರಶ್ನೆಗಳು ಬಂದಾಗ ಬ್ರ್ಯಾಂಡುಗಳಿಗೆ ಕೈ ತುರಿಸುತ್ತದೆ. 2017ರ ಏಪ್ರಿಲ್‌ನಲ್ಲಿ ಪೆಪ್ಸಿ ಒಂದು ಜಾಹೀರಾತು ಬಿಟ್ಟಿತು. ಪ್ರತಿಭಟನೆಯ ನಡುವೆ ಮಾಡೆಲ್ ಕೆಂಡಾಲ್ ಜೆನ್ನರ್ ಪೊಲೀಸರಿಗೆ ಒಂದು ಕ್ಯಾನ್ ಪೆಪ್ಸಿ ಕೊಡುತ್ತಾರೆ, ಎಲ್ಲ ಸರಿಹೋಗುತ್ತದೆ. ಅಮೆರಿಕದಲ್ಲಿ ಪೊಲೀಸ್ ಗುಂಡಿಗೆ ಸತ್ತವರಿಗಾಗಿ ಜನ ಬೀದಿಗಿಳಿದಿದ್ದ ಕಾಲ ಅದು. ಒಂದು ದಿನದೊಳಗೆ ಜಾಹೀರಾತು ವಾಪಸ್ ಹೋಯಿತು. ಆ ಹೋರಾಟಕ್ಕಾಗಿ ಪೆಪ್ಸಿ ಏನು ಮಾಡಿದೆ ಎಂಬ ಪ್ರಶ್ನೆಗೆ ಜಾಹೀರಾತಿನಲ್ಲಿ ಉತ್ತರವೇ ಇರಲಿಲ್ಲ.

ಇದಕ್ಕೆ ಎದುರು ಪೆಟಗೋನಿಯಾ ಎಂಬ ಅಮೆರಿಕದ ಬಟ್ಟೆ ಕಂಪನಿ. 2011ರ ನವೆಂಬರ್‌ನಲ್ಲಿ, ಅಮೆರಿಕದಲ್ಲಿ ಜನ ಮುಗಿಬಿದ್ದು ಕೊಳ್ಳುವ ದಿನದಂದೇ, ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅದು ತನ್ನ ಜಾಕೆಟ್ಟಿನ ಚಿತ್ರ ಹಾಕಿ 'ಈ ಜಾಕೆಟ್ ಕೊಳ್ಳಬೇಡಿ' ಎಂದು ಬರೆಯಿತು. ಒಂದು ಜಾಕೆಟ್ಟಿಗೆ 135 ಲೀಟರ್ ನೀರು ಬೇಕು ಎಂಬ ಲೆಕ್ಕವನ್ನೂ ಕೊಟ್ಟಿತು. ಇದೂ ಮಾರಾಟದ ತಂತ್ರವೇ ಎಂದವರಿದ್ದರು. ನಾನು ಆ ಅನುಮಾನವನ್ನು ತಳ್ಳಿಹಾಕುವುದಿಲ್ಲ. ಆದರೆ ಆ ಕಂಪನಿ ಹಳೆಯ ಬಟ್ಟೆಗಳನ್ನು ರಿಪೇರಿ ಮಾಡಿಕೊಡುತ್ತಿತ್ತು. 2022ರಲ್ಲಿ ಸ್ಥಾಪಕ ಇವಾನ್ ಶುನಾರ್ಡ್ ಕುಟುಂಬ ಕಂಪನಿಯ ಒಡೆತನವನ್ನೇ ಒಂದು ಟ್ರಸ್ಟಿಗೂ ಪರಿಸರಕ್ಕಾಗಿ ಕೆಲಸ ಮಾಡುವ ಸಂಸ್ಥೆಗೂ ಬಿಟ್ಟುಕೊಟ್ಟಿತು. ಹನ್ನೊಂದು ವರ್ಷದ ನಂತರದ ಆ ಕೆಲಸ ಹಳೆಯ ಜಾಹೀರಾತಿಗೆ ಸಾಕ್ಷಿ ಹೇಳಿತು.

ಹಾಗಾದರೆ ಮಾಡಲು ಏನೂ ಇಲ್ಲದ ವಿಷಯದಲ್ಲಿ? ಸುಮ್ಮನಿರಬಹುದು. ಮೌನವನ್ನು ಹೇಡಿತನ ಎಂದು ಬೈಯುವವರು ಇದ್ದೇ ಇರುತ್ತಾರೆ. ಆದರೂ, ಮಾತಿಗೆ ತಕ್ಕ ಕೆಲಸ ನಮ್ಮಲ್ಲಿಲ್ಲ, ಅದಕ್ಕೆ ಪೋಸ್ಟ್ ಹಾಕುತ್ತಿಲ್ಲ ಎನ್ನುವ ಕಂಪನಿಯನ್ನು ನಾನು ಗೌರವಿಸುತ್ತೇನೆ.

ಇನ್ನೊಂದು ವಿಷಯ ಹೇಳದೆ ಹೋದರೆ ನನಗೆ ಸಮಾಧಾನವಿಲ್ಲ. ಸಾಚಾ ಆಗಿರಿ ಎಂಬ ಉಪದೇಶದ ಭಾರ ಕೊನೆಗೆ ಬೀಳುವುದು ಒಬ್ಬರ ಮೇಲೆ. ಸಣ್ಣ ವ್ಯಾಪಾರದಲ್ಲಿ ಅದು ಮಾಲೀಕರೇ. ದಿನಾ ಒಂದು ರೀಲ್ಸ್, ದಿನಾ ಒಂದು ಕಥೆ. ವಸ್ತುವಿನ ಬಗ್ಗೆ ಹೇಳುವುದು ಮುಗಿದ ಮೇಲೆ ಮನೆ ಬರುತ್ತದೆ, ಮಕ್ಕಳು ಬರುತ್ತಾರೆ, ಕಾಯಿಲೆ ಬರುತ್ತದೆ. ಇಷ್ಟು ತೆರೆದುಕೊಳ್ಳದಿದ್ದರೆ ಜನ ನಂಬುವುದಿಲ್ಲ ಎಂಬ ಭಯ. ದಯವಿಟ್ಟು ಹಾಗೆ ತಿಳಿಯಬೇಡಿ. ನಿಮ್ಮ ಗ್ರಾಹಕರಿಗೆ ನಿಮ್ಮ ಮಲಗುವ ಕೋಣೆಯ ಮೇಲೆ ಹಕ್ಕಿಲ್ಲ. ಹೇಳಿದ್ದು ನಿಜವಿರಬೇಕು ಎಂದರೆ ನಿಜವೆಲ್ಲವನ್ನೂ ಹೇಳಬೇಕು ಎಂದಲ್ಲ. ಹದಿನೈದು ದಿನಕ್ಕೊಂದೇ ಪೋಸ್ಟ್ ಹಾಕುವ, ಮುಖವನ್ನೇ ತೋರಿಸದ, ಆದರೆ ಹೇಳಿದ ದಿನ ಸರಕು ಕಳಿಸುವ ವ್ಯಾಪಾರವೂ ಪೂರ್ತಿ ಸಾಚಾನೇ.

ದೊಡ್ಡ ಕಂಪನಿಯಲ್ಲಿ ಆ ಭಾರ ಖಾತೆ ನಡೆಸುವ ಹುಡುಗ ಹುಡುಗಿಯರ ಮೇಲೆ. ಮಾಡದ ತಪ್ಪಿಗೆ ದಿನವಿಡೀ ಬೈಗುಳ ಓದುವವರು ಅವರು. ಸರಕು ಬದಲಿಸಿಕೊಡುವ ಅಧಿಕಾರ ಅವರಿಗಿಲ್ಲ. ದುಡ್ಡು ವಾಪಸ್ ಕೊಡುವ ಅಧಿಕಾರವೂ ಇಲ್ಲ. ಅವರ ಕೈಲಿ ಉಳಿಯುವುದು ಆ ಹೃದಯದ ಇಮೋಜಿ ಮಾತ್ರ. ನನ್ನ ಬ್ಯಾಗಿನ ಜಿಪ್ಪಿಗೆ ಎರಡು ಸಲ ಅದೇ ಉತ್ತರ ಕಳಿಸಿದವರ ಬಗ್ಗೆ ಈಗ ನನಗೆ ಸಿಟ್ಟಿಲ್ಲ. ಅವರಿಗೆ ಒಂದು ಬದಲಿ ಬ್ಯಾಗ್ ಕಳಿಸುವಷ್ಟು ಅಧಿಕಾರ ಕೊಟ್ಟಿದ್ದರೆ ಅವರೂ ಎರಡು ಸಾಲಿನಲ್ಲಿ ನೇರವಾಗಿ ಬರೆಯುತ್ತಿದ್ದರು.

ಅದಕ್ಕೇ ನಾನು ಕೇಳಿದವರಿಗೆಲ್ಲ ಹೇಳುವುದು ಒಂದು ಸಣ್ಣ ಅಭ್ಯಾಸ. ಪೋಸ್ಟ್ ಹಾಕುವ ಮುಂಚೆ, ಅದನ್ನು ಜನ ಅಕ್ಷರಶಃ ನಂಬಿದರೆ ಯಾರಿಗೆ ಕೆಲಸ ಬೀಳುತ್ತದೆ ನೋಡಿ. ಅವರಿಗೆ ಓದಿಸಿ. 'ಎರಡೇ ದಿನದಲ್ಲಿ ನಿಮ್ಮ ಮನೆ ಬಾಗಿಲಿಗೆ' ಎಂದು ಬರೆದಿದ್ದೀರಾ? ಮಾರ್ಕೆಟಿಂಗ್ ಮುಖ್ಯಸ್ಥರಿಗಿಂತ ಮೊದಲು ಪ್ಯಾಕಿಂಗ್ ಮಾಡುವವರಿಗೆ ತೋರಿಸಿ. ಅವರು ಒಂದು ನಿಮಿಷ ನೋಡಿ, 'ಇಲ್ಲ, ಸೋಮವಾರ ಆರ್ಡರ್ ಜಾಸ್ತಿ ಇರುತ್ತೆ, ನಾಲ್ಕು ದಿನ ಅಂತ ಹಾಕಿ' ಎನ್ನಬಹುದು. ನಾಲ್ಕು ದಿನ ಅಂತಲೇ ಹಾಕಿ.